ಸ್ಟಾಕ್, ದಾಸ್ತಾನು, ಶಿಲ್ಕು: ಅಂಗಡಿ ಲೆಕ್ಕಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿ ನಮ್ಮದೊಂದು ಚಿಕ್ಕ ಅಂಗಡಿ ಇದೆ. ಕಾಫಿಪುಡಿ, ಕರಿಮೆಣಸು, ಏಲಕ್ಕಿ, ಜೇನು, ಕಾಚಂಪುಳಿ (ಕೊಡಗಿನ ಅಡುಗೆಗೆ ಹಾಕುವ ಹುಳಿ) ಮಾರುತ್ತೇವೆ. ಇಷ್ಟು ದಿನ ಸರಕಿನ ಲೆಕ್ಕ ಪುಸ್ತಕದಲ್ಲೇ ನಡೆಯುತ್ತಿತ್ತು. ಈಗ ಕಂಪ್ಯೂಟರಿಗೆ ಹಾಕೋಣ ಅಂತ ಎರಡು ತಿಂಗಳಿಂದ ಬೇರೆ ಬೇರೆ ಸಾಫ್ಟ್‌ವೇರ್ ಹಾಕಿ ನೋಡುತ್ತಿದ್ದೇವೆ. ಅಲ್ಲೇ ಈ ಪದಗಳ ತೊಂದರೆ ಶುರುವಾಯಿತು.

ಒಂದರಲ್ಲಿ ಕನ್ನಡ ಇತ್ತು. ಕೌಂಟರಿನಲ್ಲಿರುವ ನಮ್ಮ ಹುಡುಗಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಖುಷಿಯಾಯಿತು. ಒಂದು ಬೆಳಿಗ್ಗೆ ಅವಳು ಹಿಂದಿನ ಕೋಣೆಯಿಂದ 18 ಕೆ.ಜಿ. ಮೆಣಸು ಮುಂದಕ್ಕೆ ತಂದಳು. ಅದನ್ನು ಬರೆಯಲು ‘ದಾಸ್ತಾನು ಹೊಂದಾಣಿಕೆ’ ಒತ್ತಿದಳು. ಅಲ್ಲಿಂದ ತೆಗೆದು ಇಲ್ಲಿ ಹೊಂದಿಸುವುದು ಅಂತ ಅವಳು ತಿಳಿದುಕೊಂಡಳು. ಆದರೆ ಅದು ಹಾಳಾದದ್ದನ್ನು, ತೂಕ ಇಳಿದದ್ದನ್ನು ಲೆಕ್ಕದಿಂದ ಕಳೆಯುವ ಜಾಗ. ಸಂಜೆ ನೋಡಿದರೆ ಲೆಕ್ಕದಲ್ಲಿ 18 ಕೆ.ಜಿ. ಮೆಣಸು ಇಲ್ಲ. ಚೀಲ ಮಾತ್ರ ತಕ್ಕಡಿ ಪಕ್ಕದಲ್ಲೇ ಇದೆ, ಬಾಯಿ ಕಟ್ಟಿದ ದಾರವನ್ನೂ ಬಿಚ್ಚಿಲ್ಲ. ಅವಳು ಅತ್ತೇಬಿಟ್ಟಳು. ನನಗೇನೂ ಅದು ಅವಳ ತಪ್ಪು ಅನಿಸಲಿಲ್ಲ. ಗಂಡ ಹೆಂಡತಿ ನಡುವೆ, ಪಕ್ಷ ಪಕ್ಷಗಳ ನಡುವೆ ಆಗುವುದಕ್ಕೆ ನಾವು ಹೊಂದಾಣಿಕೆ ಅನ್ನುತ್ತೇವೆ. ಆ ಪದ ಕೇಳಿ ‘ಕಳೆಯುವುದು’ ಅಂತ ಯಾರಿಗೆ ಹೊಳೆಯುತ್ತದೆ?

ಮಾವ ಬರೆದಿಟ್ಟ ಹಳೇ ಪುಸ್ತಕ ತೆಗೆದು ನೋಡಿದೆ. ಇಂಥ ಕಡೆಯೆಲ್ಲ ಅವರು ‘ವಜಾ’ ಅಂತ ಬರೆದಿದ್ದಾರೆ. ‘ಮೆಣಸು ತೂಕ ಕಮ್ಮಿ, ವಜಾ 2 ಕೆ.ಜಿ.’ ಎಷ್ಟು ಚಿಕ್ಕದು, ಎಷ್ಟು ಸ್ಪಷ್ಟ! ಆದರೆ ಈಗ ವಜಾ ಅಂದ ಕೂಡಲೇ ಕೆಲಸದಿಂದ ತೆಗೆದದ್ದು, ಕೋರ್ಟಿನಲ್ಲಿ ಅರ್ಜಿ ಬಿದ್ದದ್ದು ನೆನಪಾಗುತ್ತದೆ. ಮತ್ತೆ ಅಂಗಡಿಗೆ ತಂದರೆ ನಿಲ್ಲುತ್ತದಾ? ನಮಗೆ ಈ ಪದ ದಿನಾ ಬೇಕು. ಹಸಿ ಮೆಣಸು ಒಣಗಿದರೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ತೂಕ ಉಳಿಯುತ್ತದೆ. ಮಳೆ ಹಿಡಿದರೆ ಒಣಗಿದ್ದೂ ತೇವ ಎಳೆದುಕೊಂಡು ತೂಕ ಏರುತ್ತದೆ. ಕಾಫಿಯವರಿಗೆ ಪದ ಹುಡುಕುವ ಈ ಕಷ್ಟ ಇಲ್ಲ. 50 ಕೆ.ಜಿ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲದಲ್ಲಿ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವುದಕ್ಕೆ ಅವರು ‘ಓಟಿ’ ಅನ್ನುತ್ತಾರೆ. ಔಟ್‌ಟರ್ನ್ ಅನ್ನುವುದರ ಮೊದಲ ಅಕ್ಷರಗಳು ಅಂತ ಗೊತ್ತಿಲ್ಲದವರೂ ಓಟಿ ಕೇಳಿಯೇ ರೇಟು ಮಾತಾಡುತ್ತಾರೆ.

ಇನ್ನು ‘ದಾಸ್ತಾನು’. ನ್ಯಾಯಬೆಲೆ ಅಂಗಡಿಯ ಬೋರ್ಡಿನಲ್ಲಿ, ‘ಅಕ್ರಮ ದಾಸ್ತಾನು’ ಅನ್ನುವ ಪೇಪರ್ ಸುದ್ದಿಯಲ್ಲಿ ಕಾಣುತ್ತದೆ. ಬಾಯಲ್ಲಿ ಮಾತ್ರ ಎಲ್ಲರೂ ಸ್ಟಾಕ್ ಅಂತಲೇ ಹೇಳುವುದು. ಆ ಸಾಫ್ಟ್‌ವೇರಿನಲ್ಲಿ ಕಪಾಟಿನಲ್ಲಿರುವ ಮಾಲಿಗೂ ದಾಸ್ತಾನು, ದಿನದ ಕೊನೆಗೆ ಲೆಕ್ಕದಲ್ಲಿ ಉಳಿದ ಅಂಕಿಗೂ ದಾಸ್ತಾನು. ಎರಡೂ ಒಂದೇ ಅಲ್ಲ ಅಲ್ವಾ? ಎರಡರ ನಡುವಿನ ವ್ಯತ್ಯಾಸ ಹಿಡಿಯಲಿಕ್ಕೇ ನಾವು ಸಾಫ್ಟ್‌ವೇರ್ ಕೊಳ್ಳುವುದು. ಲೆಕ್ಕದಲ್ಲಿ ಉಳಿದದ್ದಕ್ಕೆ ‘ಶಿಲ್ಕು’ ಸರಿ ಅಂತ ನನ್ನ ಅನಿಸಿಕೆ. ಸಹಕಾರ ಸಂಘಗಳ ವರದಿಯಲ್ಲಿ ‘ಆರಂಭ ಶಿಲ್ಕು’, ‘ಅಖೈರು ಶಿಲ್ಕು’ ಇವತ್ತಿಗೂ ಬರುತ್ತವೆ. ಆದರೆ ಅಲ್ಲಿ ಅದು ದುಡ್ಡಿನ ಮಾತು. ಸರಕಿಗೂ ಶಿಲ್ಕು ಅನ್ನಬಹುದಾ? ನಿಮ್ಮ ಕಡೆ ಅಂದದ್ದು ಕೇಳಿದ್ದೀರಾ?

ಸರಕು ಇಡುವ ಜಾಗದ ಹೆಸರಿಗೆ ಜಗಳವೇ ಇಲ್ಲ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಇಂಗ್ಲಿಷಿನಲ್ಲೇ ಅದು ಗೋಡೌನ್. ಇಂಗ್ಲಿಷಿಗೆ ಅದು ಮಲಯ ಭಾಷೆಯಿಂದ ಬಂತು, ಅದರ ಹಿಂದೆ ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿ ಇರಬಹುದು ಎಂದು ಹೇಳುವವರಿದ್ದಾರೆ. ನಮ್ಮ ‘ಗಡಂಗು’ ಇದೇ ಬಳಗದ್ದಾ? ಅದು ಸಾರಾಯಿ ಅಂಗಡಿಗೆ ಮಾತ್ರ ಅಂಟಿಕೊಂಡದ್ದು ಹೇಗೆ ಅಂತ ತಿಳಿದವರು ಹೇಳಿದರೆ ತುಂಬಾ ಸಂತೋಷ.

ಇನ್ನೊಂದು ಪದ ‘ಮರು ಆದೇಶ ಮಟ್ಟ’. ಜೇನು ಹತ್ತು ಬಾಟಲಿಗಿಂತ ಕಮ್ಮಿಯಾದರೆ ಮತ್ತೆ ತರಿಸಿ ಅಂತ ಎಚ್ಚರಿಸುವ ಅಂಕಿ ಅದು. ಆದೇಶ ಹೊರಡಿಸುವುದು ಸರ್ಕಾರ, ನಾವು ಮಾಲು ತರಿಸುತ್ತೇವೆ. ‘ತರಿಸುವ ಮಿತಿ’ ಅಂದರೆ ಸಾಕಲ್ವಾ?

ಮಳೆಗಾಲದಲ್ಲಿ ನೆಟ್ ಹೋದರೂ ನಡೆಯಬೇಕು, ಕೆ.ಜಿ. ಲೆಕ್ಕದಲ್ಲಿ ಬಂದದ್ದು 100 ಗ್ರಾಂ ಪೊಟ್ಟಣವಾಗಿ ಹೋಗುವುದು ಸರಿಯಾಗಿ ಬರಬೇಕು, ಜಿಎಸ್‌ಟಿ ಬಿಲ್ ಆಗಬೇಕು. ಇಷ್ಟಕ್ಕೆ ಹೊಂದುವ ಎರಡು ಸಾಫ್ಟ್‌ವೇರ್ ಉಳಿದಿವೆ. ಅದರಲ್ಲಿ ಒಂದನ್ನು ಮಾಡಿದವರು, ಪದ ಬರೆದು ಕೊಟ್ಟರೆ ಹಾಗೇ ಹಾಕಿಕೊಡುತ್ತೇವೆ ಎಂದಿದ್ದಾರೆ. ನಾನು ಅದನ್ನೇ ಕೊಳ್ಳಬೇಕು ಅಂತಿದ್ದೇನೆ. ವಜಾ, ಶಿಲ್ಕು, ತರಿಸುವ ಮಿತಿ, ಈ ಮೂರಕ್ಕೆ ನಿಮ್ಮ ಅಂಗಡಿಯಲ್ಲಿ, ನಿಮ್ಮ ಮನೆಯ ಹಳೇ ಪುಸ್ತಕದಲ್ಲಿ ಏನಿದೆ ನೋಡಿ ತಿಳಿಸುತ್ತೀರಾ?