ಕೆಲಸ ಬಿಟ್ಟು ಕನ್ಸಲ್ಟಿಂಗ್ ಸುರು ಮಾಡಿದೆ, ಎರಡು ಪಾರ್ಟಿಯ (ಕ್ಲೈಂಟ್) ಕೆಲಸ ಆದ ಮೇಲೆ ಫೋನೇ ಇಲ್ಲ, ಅನುಭವ ಇದ್ದವರು ಹೇಳಿ

ಸುರತ್ಕಲ್‌ನಿಂದ, ಕೇಳಿದ್ದು:

ನಮಸ್ಕಾರ ಎಲ್ರಿಗೂ. ಬೈಕಂಪಾಡಿಯ ಒಂದು ಫುಡ್ ಕಂಪೆನಿಯಲ್ಲಿ 11 ವರ್ಷ ಕ್ವಾಲಿಟಿಯಲ್ಲಿದ್ದೆ, ಕಳೆದ ವರ್ಷ ಬಿಟ್ಟು ಸ್ವಂತ ಸುರು ಮಾಡಿದೆ. ಎಫ್‌ಎಸ್‌ಎಸ್‌ಎಐ (ಆಹಾರ ಲೈಸೆನ್ಸ್) ಕಾಗದಪತ್ರ, ಎಚ್‌ಎಸಿಸಿಪಿ (ತಯಾರಿಯಲ್ಲಿ ಆಹಾರ ಕೆಡದ ಹಾಗೆ ನೋಡುವ ಪದ್ಧತಿ), ಬೈಯರ್ ಆಡಿಟಿಗೆ (ಮಾಲು ಕೊಳ್ಳುವವರು ಫ್ಯಾಕ್ಟರಿ ಪರಿಶೀಲಿಸುದು) ತಯಾರಿ, ಸ್ಟಾಫ್ ಟ್ರೈನಿಂಗ್, ಎಲ್ಲ ಮಾಡ್ತೇನೆ. ಹಳೇ ಬಾಸ್ ಹೇಳಿ ಎರಡು ಪಾರ್ಟಿ ಸಿಕ್ಕಿತ್ತು, ಅದು ಮುಗಿದು ಐದು ತಿಂಗಳಾಯ್ತು, ಈಗ ಎಂತ ಸಾ ಇಲ್ಲ. ವೆಬ್‌ಸೈಟ್ ಮಾಡಿಸಿದೆ, ಲಿಂಕ್ಡ್‌ಇನ್‌ನಲ್ಲಿ ವಾರಕ್ಕೆ ಎರಡು ಪೋಸ್ಟ್ ಹಾಕ್ತೇನೆ, ಲೈಕ್ ಕೊಡುದು ಎಲ್ಲ ನನ್ನ ಹಾಗೆ ಕೆಲಸ ಹುಡುಕುವವರೇ. ಫೀಸ್ ಅರ್ಧ ಮಾಡ್ಲಾ ಅಂತ ಆಲೋಚನೆ. ಮನೆಯಲ್ಲಿ ಪುನಃ ಕೆಲಸಕ್ಕೆ ಸೇರು ಅಂತ ಸುರುವಾಗಿದೆ. ಈ ಊರಲ್ಲೇ ಇದ್ದುಕೊಂಡು ಇದರಲ್ಲೇ ಜೀವನ ಮಾಡುವವರು ಇದ್ರೆ, ನಿಮಗೆ ಕ್ಲೈಂಟ್ ಹೇಗೆ ಸಿಕ್ಕಿದ್ದು ಹೇಳಿ ಮಾರ್ರೆ, ಮಂಡೆಬೆಚ್ಚ ಆಗಿ ಹೋಗಿದೆ.

ಉಡುಪಿಯಿಂದ:

ಫೀಸ್ ಅರ್ಧ ಮಾಡ್ಬೇಡಿ. ಫೋನೇ ಬಾರದಿದ್ರೆ ನೀವು ಫೀಸ್ ಇಳಿಸಿದ್ದು ಯಾರಿಗೆ ಗೊತ್ತಾಗ್ಬೇಕು?

ನನ್ನದು ಕರೆಂಟಿನ ಕೆಲಸ. ಐಸ್ ಪ್ಲಾಂಟ್, ಗೇರು ಬೀಜದ ಫ್ಯಾಕ್ಟರಿ, ಸಣ್ಣ ಆಸ್ಪತ್ರೆ, ಇವರ ಬಿಲ್ ಯಾಕೆ ಜಾಸ್ತಿ ಬರ್ತದೆ ಅಂತ ನೋಡಿ ಕಮ್ಮಿ ಮಾಡಿ ಕೊಡುದು. ಒಂಬತ್ತು ವರ್ಷ ಆಯ್ತು. ಸುರುವಿನ ಎರಡು ವರ್ಷ ನನ್ನ ಕಾರ್ಡಿನಲ್ಲಿ ಎಂಟು ಐಟಂ ಇತ್ತು, ಎನರ್ಜಿ ಆಡಿಟ್, ಸೋಲಾರ್, ಅರ್ಥಿಂಗ್, ಪ್ಯಾನೆಲ್ ಡಿಸೈನ್, ಜನರೇಟರ್, ಮತ್ತೆ ಎಂತೆಂತದೋ. ತೆಗೆದುಕೊಂಡವರು "ಆಯ್ತು, ಉಂಟಾದ್ರೆ ಹೇಳ್ತೇವೆ" ಅಂತ ಕಿಸೆಗೆ ಹಾಕುದು, ಅಲ್ಲಿಗೆ ಮುಗೀತು.

ಬದಲಾದದ್ದು ಮಲ್ಪೆಯಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಬೋಟಿಗೆ ರಜೆ ಅಲ್ವಾ, 61 ದಿನ, ಐಸ್ ಪ್ಲಾಂಟಿಗೂ ಕೆಲಸ ಕಮ್ಮಿ, ಹಾಗಾಗಿ ಧಣಿಗೆ ಮಾತಾಡ್ಲಿಕ್ಕೆ ಪುರುಸೊತ್ತಿತ್ತು. ಬೇರೆ ಎಂತದೋ ಕೇಳ್ಲಿಕ್ಕೆ ಹೋದವನಿಗೆ ಮೇಜಿನ ಗಾಜಿನಡಿ ಮಾರ್ಚಿನ ಮೆಸ್ಕಾಂ ಕರೆಂಟ್ ಬಿಲ್ ಕಾಣಿಸ್ತು. ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್, ಪವರ್ ಫ್ಯಾಕ್ಟರ್ 0.78, ಅಂದ್ರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ನಮ್ಮಲ್ಲಿ ಎಚ್‌ಟಿಗೆ 0.90ಗಿಂತ ಕೆಳಗೆ ಹೋದ್ರೆ ಪ್ರತಿ ಯೂನಿಟಿಗೆ ದಂಡ ಬೀಳ್ತದೆ, ಬಿಲ್ಲಿನಲ್ಲಿ ಅದಕ್ಕೆ ಬೇರೆಯೇ ಸಾಲು ಉಂಟು. ಇವರು ಅದನ್ನು ಟ್ಯಾಕ್ಸ್ ಅಂತ ಗ್ರಹಿಸಿ ಎಷ್ಟೋ ಸಮಯದಿಂದ ಕಟ್ತಾ ಇದ್ದಾರೆ! ಹಿಂದೆ ಹೋಗಿ ಅದನ್ನು ಸರಿ ಇಡುವ ಕೆಪಾಸಿಟರ್ ಪ್ಯಾನೆಲ್ ಬಾಗಿಲು ತೆಗೆದ್ರೆ ಆರರಲ್ಲಿ ಮೂರು ಹೊಟ್ಟೆ ಉಬ್ಬಿಸಿಕೊಂಡು ಕೂತಿವೆ, ಉಪ್ಪು ಗಾಳಿಗೆ ಟರ್ಮಿನಲ್ ಎಲ್ಲ ಹಸಿರಾಗಿದೆ. ಅಲ್ಲೇ ಹೇಳಿದೆ, ಅವರು ಅವರ ಎಲೆಕ್ಟ್ರಿಶಿಯನ್‌ನಿಂದ ಬದಲಿಸಿದ್ರು. ನನಗೆ ಸಿಕ್ಕಿದ್ದು ಒಂದು ಚಾ, ಆಗಸ್ಟಿನಲ್ಲಿ ಒಂದು ಚೀಲ ಬಂಗುಡೆ.

ಸಾಕಾಗಿ ಹೋಗಿತ್ತು ನನಗೆ, ಸುಳ್ಳು ಯಾಕೆ ಹೇಳುದು. ಆದ್ರೆ ನಾಲ್ಕು ತಿಂಗಳು ಬಿಟ್ಟು ಒಬ್ಬರು ಸಿಎ ಫೋನ್ ಮಾಡಿದ್ರು, "ಕರೆಂಟ್ ಬಿಲ್ಲಿಗೆ ಫೈನ್ ಬೀಳುದನ್ನು ನಿಲ್ಲಿಸುವ ಜನ ನೀವೇ ಅಲ್ವಾ?" ಅದು ಆ ಧಣಿ ಹೇಳಿದ ಮಾತು. ನನ್ನ ಎಂಟು ಐಟಂ ಅವರಿಗೆ ಒಂದೂ ನೆನಪಿಲ್ಲ, ಈ ಒಂದು ವಾಕ್ಯ ನೆನಪುಂಟು. ಆ ಸಿಎಯಿಂದಲೇ ಆ ವರ್ಷ ಐದು ಫ್ಯಾಕ್ಟರಿ ಬಂತು. ಮತ್ತೆ ನಾನೂ ಎಲ್ಲಿ ಹೋದ್ರೂ ಅದನ್ನೇ ಹೇಳ್ಲಿಕ್ಕೆ ಸುರು ಮಾಡಿದೆ. ಸೋಲಾರ್ ಕೇಳಿದ್ರೆ ಬೇರೆಯವರ ನಂಬರ್ ಕೊಡ್ತೇನೆ.

ನಿಮ್ಮದು "ಎಲ್ಲ ಮಾಡ್ತೇನೆ" ಅಂತ ಉಂಟಲ್ಲ, ಅದನ್ನು ಇನ್ನೊಬ್ಬರು ಬಾಯಲ್ಲಿ ಹೊತ್ತುಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ಲೈಸೆನ್ಸ್ ಕಾಗದ ಮಾಡಿ ಕೊಡುವ ಏಜೆಂಟರು ಬೇಕಾದಷ್ಟು ಇದ್ದಾರೆ, ಅಲ್ಲಿ ರೇಟಿನ ಜಗಳವೇ. ಆದ್ರೆ ಎಕ್ಸ್‌ಪೋರ್ಟ್ ಮಾಡುವ ಬೀಜದ ಫ್ಯಾಕ್ಟರಿಗೆ ಬೈಯರ್ ಆಡಿಟಿನಲ್ಲಿ ಹತ್ತು ಎನ್‌ಸಿ (ನಿಯಮಕ್ಕೆ ಸರಿ ಇಲ್ಲದ ಅಂಶ) ಬಿದ್ದು ಕ್ಲೋಸ್ ಮಾಡ್ಲಿಕ್ಕೆ ಡೇಟ್ ಕೊಟ್ಟಿದ್ರೆ ಆ ಧಣಿಗೆ ರಾತ್ರಿ ನಿದ್ರೆ ಇಲ್ಲ, ಅವನು ನಿಮ್ಮ ಫೀಸ್ ಕೇಳುದು ಕೊನೆಗೆ. "ಆಡಿಟಲ್ಲಿ ಎನ್‌ಸಿ ಬಿದ್ರೆ ಸುರತ್ಕಲ್‌ನ ಅವರಿಗೆ ಫೋನ್ ಮಾಡಿ", ಇಷ್ಟು ಸಾಕು.

ಇದನ್ನು ಹೇಳ್ಬೇಕಾದದ್ದು ಧಣಿಗಳಿಗಲ್ಲ, ಆ ಫ್ಯಾಕ್ಟರಿಗೆ ಈಗಾಗಲೇ ಹೋಗಿ ಬರುವವರಿಗೆ. ಪೆಸ್ಟ್ ಕಂಟ್ರೋಲಿನವ, ನೀರು ಟೆಸ್ಟ್ ಮಾಡುವ ಲ್ಯಾಬ್, ಪ್ಯಾಕಿಂಗ್ ಡಬ್ಬ ಸಪ್ಲೈ ಮಾಡುವವರು, ಪಣಂಬೂರು ಬಂದರಿನ ಕ್ಲಿಯರಿಂಗ್ ಏಜೆಂಟ್. ಪೆಸ್ಟ್ ಕಂಟ್ರೋಲಿನವನಿಗೆ ಆಡಿಟಿನ ಸುದ್ದಿ ನಿಮಗಿಂತ ಮೊದಲು ಗೊತ್ತಿರ್ತದೆ, ಯಾಕಂದ್ರೆ ಆಡಿಟ್ ಹತ್ತಿರ ಬಂದಾಗಲೇ ಅವನ ಫೈಲ್ ಹುಡುಕುದು. ಕಾರ್ಡ್ ಕೊಡ್ಬೇಡಿ, ನೀವು ಮಾಡಿದ ಆ ಎರಡು ಕೆಲಸದಲ್ಲಿ ಒಂದರ ಕತೆ ಹೇಳಿ, ಪಾರ್ಟಿ ಹೆಸರು ಬಿಟ್ಟು.

ಧರ್ಮಕ್ಕೆ ನೋಡಿ ಹೇಳುದನ್ನೂ ನಾನು ಬಿಟ್ಟೆ. ಒಂದು ದಿನದ ವಿಸಿಟ್, ನಾಲ್ಕು ಪುಟದ ರಿಪೋರ್ಟ್, ಫಿಕ್ಸ್ ರೇಟ್. ಸುರುವಿಗೆ 5,000 ಇಟ್ಟಿದ್ದೆ, ಈಗ 12,000, ಮುಂದಿನ ಕೆಲಸ ಕೊಟ್ರೆ ಅದರಲ್ಲಿ ಕಳೀತೇನೆ. ಐದು ಸಾವಿರ ಕೊಡ್ಲಿಕ್ಕೆ ಒಂದು ತಿಂಗಳು ಎಳೆದವರು ಮತ್ತೆ ಲಕ್ಷದ ಕೆಲಸದಲ್ಲೂ ಹಾಗೇ ಮಾಡಿದ್ದಾರೆ, ಅದೂ ಒಂದು ಪರೀಕ್ಷೆಯೇ. ಹಾಂ, ಇನ್ನೊಂದು, ಹಸಿ ಬೀಜ ಖರೀದಿಯ ಸೀಸನ್ನಿನಲ್ಲಿ ಫ್ಯಾಕ್ಟರಿಗೆ ಹೋಗ್ಬೇಡಿ, ಮುಖ ಕೊಟ್ಟು ಮಾತಾಡುದಿಲ್ಲ. ಮಳೆಗಾಲದಲ್ಲಿ ಹೋಗಿ. ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಹೊಸ ಕೆಲಸಕ್ಕೆ ಕೈ ಹಾಕದವರು ಕೂಡ ಕೂತು ಮಾತಾಡ್ತಾರೆ, ಆರ್ಡರ್ ಮುಂದಿನ ತಿಂಗಳು ಸೋಣದಲ್ಲಿ ಬರ್ತದೆ.

ಹಂಪನಕಟ್ಟೆಯಿಂದ:

ನಾನು ಸಿಎ ಆಫೀಸಿನಲ್ಲಿರುದು, ನಿಮ್ಮಂಥವರ ಫೈಲ್ ದಿನಾ ನೋಡ್ತೇನೆ. ಉಡುಪಿಯ ಅಣ್ಣ ಹೇಳಿದ್ದು ಸರಿ, ಆದ್ರೆ ಕ್ಲೈಂಟ್ ಸಿಕ್ಕಿದ ಮೇಲೆ ದುಡ್ಡು ಕೈಗೆ ಬರುದು ಬೇರೆಯೇ ವಿದ್ಯೆ. ಮೊದಲು ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ನೋಂದಣಿ) ಮಾಡಿ, ಫ್ರೀ, ಆಧಾರ್ ಮತ್ತು ಪ್ಯಾನ್ ಸಾಕು, ಏಜೆಂಟರಿಗೆ ದುಡ್ಡು ಕೊಡ್ಬೇಡಿ. ಆ ನಂಬರ್ ಪ್ರತಿ ಬಿಲ್ಲಿನಲ್ಲೂ ಹಾಕಿ. ಎಂಎಸ್ಎಂಇ (ಸಣ್ಣ ಉದ್ದಿಮೆ) ಕಾಯ್ದೆಯಲ್ಲಿ ಲಿಖಿತ ಒಪ್ಪಂದ ಇದ್ರೂ ನಿಮ್ಮ ಪೇಮೆಂಟ್ 45 ದಿನಕ್ಕಿಂತ ಮೇಲೆ ಹೋಗ್ಲಿಕ್ಕಿಲ್ಲ, ಒಪ್ಪಂದವೇ ಇಲ್ಲದಿದ್ರೆ 15 ದಿನ. ಆ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಇದ್ರೆ ಆ ಖರ್ಚನ್ನು ಕಂಪೆನಿ ಆ ವರ್ಷದ ಇನ್‌ಕಮ್ ಟ್ಯಾಕ್ಸಿನಲ್ಲಿ ತೋರಿಸ್ಲಿಕ್ಕಾಗುದಿಲ್ಲ, ಕೊಟ್ಟ ವರ್ಷಕ್ಕೇ ಹೋಗ್ತದೆ. ಹಾಗಾಗಿ ಮಾರ್ಚಿನಲ್ಲಿ ಜಗಳ ಮಾಡುದು ಬೇಡ, ಅವರ ಅಕೌಂಟ್ಸಿನವರಿಗೆ ಬಾಕಿ ಲಿಸ್ಟ್ ಮತ್ತು ಉದ್ಯಮ್ ಸರ್ಟಿಫಿಕೇಟ್ ಸುಮ್ಮನೆ ಮೇಲ್ ಮಾಡಿ, ಉಳಿದದ್ದು ಅವರ ಆಡಿಟರೇ ಹೇಳ್ತಾರೆ.

ಜಿಎಸ್‌ಟಿ ಸರ್ವಿಸಿಗೆ ವರ್ಷಕ್ಕೆ 20 ಲಕ್ಷ ದಾಟಿದ್ರೆ ಕಡ್ಡಾಯ, ಈಗಲೇ ಗಡಿಬಿಡಿ ಬೇಡ. ಪ್ರೊಫೆಷನಲ್ ಫೀಸಿನಲ್ಲಿ 10% ಟಿಡಿಎಸ್ (ಕೊಡುವಾಗಲೇ ಹಿಡಿಯುವ ಟ್ಯಾಕ್ಸ್) ಹಿಡೀತಾರೆ, ಹಿಡಿದದ್ದು ನಿಮ್ಮ ಪ್ಯಾನಿಗೆ ಬಂದಿದೆಯಾ ಅಂತ ಮೂರು ತಿಂಗಳಿಗೊಮ್ಮೆ ಇನ್‌ಕಮ್ ಟ್ಯಾಕ್ಸ್ ಪೋರ್ಟಲಿನಲ್ಲಿ ನೋಡಿ. ಹಿಡಿದು ಕಟ್ಟದೇ ಇದ್ದ ಕೇಸ್ ಈ ವರ್ಷವೇ ಎರಡು ನೋಡಿದ್ದೇನೆ.

ಮಣಿಪಾಲದಿಂದ:

ಲಿಂಕ್ಡ್‌ಇನ್ ಪುಸ್ಕ, ಉಪಯೋಗ ಇಲ್ಲ ಅಂತ ಎಲ್ರೂ ಹೇಳ್ತೀರಿ, ನನಗೆ ಇಆರ್‌ಪಿಯಲ್ಲಿ (ಕಂಪೆನಿಯ ಸ್ಟಾಕ್, ಲೆಕ್ಕ ನೋಡುವ ಸಾಫ್ಟ್‌ವೇರ್) ದುಬೈ ಪಾರ್ಟಿ ಸಿಕ್ಕಿದ್ದೇ ಅಲ್ಲಿ. ಸ್ಟಾಕ್ ಲೆಕ್ಕ ತಪ್ಪಿ ಒಂದು ಗೋಡೌನಿನಲ್ಲಿ ಆದ ಎಡವಟ್ಟನ್ನು ಉದ್ದಕ್ಕೆ ಬರೆದಿದ್ದೆ, ಓದಿದವರು ಇನ್ನೂರು ಜನ ಇರ್ಬಹುದು, ಅದರಲ್ಲಿ ಒಬ್ಬರಿಗೆ ಅದೇ ತೊಂದರೆ ಇತ್ತು. "ಕ್ವಾಲಿಟಿಯ ಮಹತ್ವ" ಅಂತ ಬರೆದ್ರೆ ಲೈಕ್ ಮಾತ್ರ. ನನ್ನ ತಪ್ಪು ಬೇರೆ, ಮೂರು ವರ್ಷ ಒಬ್ಬರೇ ಕ್ಲೈಂಟಿನಿಂದ ಮುಕ್ಕಾಲು ಆದಾಯ. ಅವರ ಮಗ ಓದು ಮುಗಿಸಿ ಬಂದು ಕುರ್ಚಿಯಲ್ಲಿ ಕೂತ ತಿಂಗಳೇ ನನ್ನನ್ನು ಬಿಟ್ರು. ಕೆಲಸ ತುಂಬಿ ತುಳುಕುವಾಗಲೂ ವಾರಕ್ಕೆ ಅರ್ಧ ದಿನ ಹೊಸಬರ ಹತ್ರ ಮಾತಾಡ್ಲಿಕ್ಕೆ ಇಡಿ.

ಸುರತ್ಕಲ್‌ನಿಂದ, ಪುನಃ:

ತುಂಬಾ ಉಪಕಾರ ಆಯ್ತು. ಹಳೇ ಕಂಪೆನಿಗೆ ಬರ್ತಿದ್ದ ಪೆಸ್ಟ್ ಕಂಟ್ರೋಲಿನವರ ನಂಬರ್ ಇನ್ನೂ ಉಂಟು, ತಲೆಗೇ ಹೋಗಿರ್ಲಿಲ್ಲ. ಅವರು ಪಾರ್ಟಿ ಕೊಟ್ರೆ ಕಮಿಷನ್ ಎಷ್ಟು ಕೊಡುದು?

ಉಡುಪಿಯಿಂದ:

ಒಂದು ರುಪಾಯಿಯೂ ಬೇಡ. ಧಣಿಗೆ ಗೊತ್ತಾದ ದಿನ ನೀವಿಬ್ರೂ ಗೇಟಿನ ಹೊರಗೆ. ನಿಮ್ಮ ರಿಪೋರ್ಟಿನಲ್ಲಿ ಇಲಿ, ಜಿರಳೆಯ ವಿಷಯ ಬಂದ್ರೆ ಅವರ ಕೆಲಸ ಸರಿ ಇದ್ದಲ್ಲಿ ಸರಿ ಉಂಟು ಅಂತ ಬರೀರಿ, ಸರಿ ಇಲ್ಲದಿದ್ರೆ ಬರೆಯುವ ಮೊದಲು ಅವರಿಗೊಂದು ಫೋನ್ ಮಾಡಿ. ನಾನು ಎಲೆಕ್ಟ್ರಿಶಿಯನ್‌ಗಳ ಹತ್ರ ಹಾಗೇ ಮಾಡುದು, ಈಗ ಅರ್ಧಕ್ಕರ್ಧ ಕೆಲಸ ಅವರೇ ಕೊಡುದು.