ವರ್ಚುವಲ್ ಮೆಷಿನ್‌ಗಳ ವೆಚ್ಚವನ್ನು ವಿಭಾಗವಾರು ಹಂಚುವುದು ಹೇಗೆ?

ಪ್ರಶ್ನೆ

ನಮ್ಮ ಸಂಸ್ಥೆಯ ವಿಎಂವೇರ್ ಕ್ಲಸ್ಟರ್ ಅನ್ನು (ವರ್ಚುವಲ್ ಮೆಷಿನ್‌ಗಳನ್ನು, ಅಂದರೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳನ್ನು, ನಡೆಸುವ ಸರ್ವರ್‌ಗಳ ಗುಂಪು) ಹಲವು ವಿಭಾಗಗಳು ಹಂಚಿಕೊಂಡು ಬಳಸುತ್ತಿದ್ದು, ಇನ್ನು ಮುಂದೆ ಆಯಾ ವಿಭಾಗದ ವೆಚ್ಚವನ್ನು ಅದರ ಖಾತೆಗೇ ಹಾಕಬೇಕೆಂದು ಲೆಕ್ಕಪತ್ರ ವಿಭಾಗದವರು ಕೇಳಿದ್ದಾರೆ. ತಿಂಗಳ ಕೊನೆಗೆ ಕ್ಲಸ್ಟರ್ ನಿರ್ವಹಿಸುವ ತಂತ್ರಾಂಶವಾದ ವಿಸೆಂಟರ್‌ನಲ್ಲಿ ನೋಡಿದರೆ ಹಿಂದಿನ ವಾರಗಳಿಗೆ ಎರಡು ಗಂಟೆಗೊಂದರಂತೆ ಬಳಕೆಯ ಸರಾಸರಿ ಮಾತ್ರ ಉಳಿದಿರುತ್ತದೆ. ಅದನ್ನು ನಂಬಿ ಬಿಲ್ ಮಾಡಬಹುದೇ? ಹಂಚಿಕೊಟ್ಟಷ್ಟಕ್ಕೆ ದರ ಹಾಕಬೇಕೋ, ಬಳಸಿದಷ್ಟಕ್ಕೋ?

ಉತ್ತರ 1

ವಿಸೆಂಟರ್‌ನ ಮೂಲ ವ್ಯವಸ್ಥೆಯಲ್ಲಿ 5 ನಿಮಿಷದ ಅಂಕಿಗಳು ಒಂದು ದಿನ, 30 ನಿಮಿಷದವು ಒಂದು ವಾರ, 2 ಗಂಟೆಯವು ಒಂದು ತಿಂಗಳು ಉಳಿಯುತ್ತವೆ. ಸಿಪಿಯುವಿನ ಒಟ್ಟು ಬಳಕೆಗೆ ಇದರಿಂದ ದೊಡ್ಡ ತೊಂದರೆಯಿಲ್ಲ, ಏಕೆಂದರೆ ಸರಾಸರಿ ಮೆಗಾಹರ್ಟ್ಸ್ ಅನ್ನು ಅವಧಿಯಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. ಶೇಕಡಾವಾರು ಅಂಕಿಯನ್ನು ಮಾತ್ರ ದಯವಿಟ್ಟು ಬಳಸಬೇಡಿ: 4 ವಿಸಿಪಿಯು (ಮೆಷಿನ್‌ಗೆ ಹಂಚಿಕೊಟ್ಟ ವರ್ಚುವಲ್ ಸಿಪಿಯು) ಇರುವ ಮೆಷಿನ್‌ನ ಶೇ. 50 ಮತ್ತು 16 ವಿಸಿಪಿಯು ಇರುವುದರ ಶೇ. 50 ಬೇರೆ ಬೇರೆ ಪ್ರಮಾಣಗಳು. ನಿಜವಾದ ಕೊರತೆ ಇರುವುದು ಬೇರೆಡೆ. ತಿಂಗಳ ಮಧ್ಯೆ ಯಾವಾಗ ವಿಸಿಪಿಯು ಹೆಚ್ಚಿಸಿದರು, ಯಾವಾಗ ಮೆಷಿನ್ ಆಫ್ ಮಾಡಿದರು ಎಂಬುದನ್ನು ಸರಾಸರಿಗಳು ಹೇಳುವುದಿಲ್ಲವಾದ್ದರಿಂದ, ಆ ಈವೆಂಟ್‌ಗಳನ್ನು ಪ್ರತಿದಿನ ನಿಮ್ಮದೇ ಡೇಟಾಬೇಸ್‌ಗೆ ಬರೆದಿಟ್ಟುಕೊಳ್ಳಿ.

ಉತ್ತರ 2

ಮೆಮೊರಿಗೆ ಹಂಚಿಕೆಯ ಆಧಾರದಲ್ಲೇ ದರ ಹಾಕುವುದು ನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ‘ಆಕ್ಟಿವ್’ (ಇತ್ತೀಚೆಗೆ ಬಳಸಿದ ಮೆಮೊರಿ) ಎಂದು ತೋರಿಸುವ ಅಂಕಿ ಮೆಮೊರಿಯ ಕೆಲವು ಪುಟಗಳನ್ನು, ಅಂದರೆ ಸಣ್ಣ ತುಣುಕುಗಳನ್ನು, ಮಾತ್ರ ಪರೀಕ್ಷಿಸಿ ಕಟ್ಟಿದ ಅಂದಾಜು. ‘ಕನ್ಸ್ಯೂಮ್ಡ್’ (ಮೆಷಿನ್ ಹಿಡಿದಿಟ್ಟುಕೊಂಡ ಸರ್ವರ್ ಮೆಮೊರಿ) ಅಂಕಿಯಾದರೋ ಮೆಷಿನ್‌ನ ಒಳಗೆ ನಡೆಯುವ ಅತಿಥಿ ಆಪರೇಟಿಂಗ್ ಸಿಸ್ಟಮ್‌ನ ಸ್ವಭಾವವನ್ನು ಅವಲಂಬಿಸಿದೆ. ವಿಂಡೋಸ್ ಬೂಟ್ ಆಗುವಾಗ ಮೆಮೊರಿಯ ಪುಟಗಳಿಗೆಲ್ಲ ಸೊನ್ನೆ ತುಂಬುವುದರಿಂದ, ಅಷ್ಟೇ ಕೆಲಸ ಮಾಡುವ ಲಿನಕ್ಸ್ ಮೆಷಿನ್‌ಗಿಂತ ಅದರ ಅಂಕಿ ಹೆಚ್ಚು ಬರಬಹುದು. ಅಂತಹ ಬಿಲ್ಲನ್ನು ಯಾವ ವಿಭಾಗದವರೂ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆಫ್ ಆಗಿರುವ ಮೆಷಿನ್‌ಗಳನ್ನು ಬಿಲ್‌ನಿಂದ ಪೂರ್ತಿ ಕೈಬಿಡಬಹುದೇ?

ಉತ್ತರ 3

ಸಿಪಿಯು, ಮೆಮೊರಿಯನ್ನು ಬಿಡಬಹುದು, ಡಿಸ್ಕನ್ನು ಬಿಡಬೇಡಿ. ಮೆಷಿನ್ ಆಫ್ ಇದ್ದರೂ ಸ್ಟೋರೇಜ್‌ನಲ್ಲಿ ಅದು ಹಿಡಿದ ಜಾಗ ಹಾಗೆಯೇ ಇರುತ್ತದೆ. ಡಿಸ್ಕ್ ಥಿನ್ (ಡೇಟಾ ತುಂಬಿದಂತೆ ಮಾತ್ರ ಜಾಗ ಹಿಡಿಯುವಂಥದ್ದು) ಆಗಿದ್ದರೆ ನಿಜವಾಗಿ ತುಂಬಿದ ಜಾಗಕ್ಕೆ ದರ ಹಾಕಿ, ಸ್ನ್ಯಾಪ್‌ಶಾಟ್‌ಗಳನ್ನೂ (ಮೆಷಿನ್‌ನ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಟ್ಟ ಫೈಲ್‌ಗಳು) ಅದರಲ್ಲಿ ಸೇರಿಸಿ. ತೆಗೆಯಲು ಮರೆತ ಸ್ನ್ಯಾಪ್‌ಶಾಟ್ ಬೆಳೆಯುತ್ತಲೇ ಹೋಗುತ್ತದೆ, ಅದು ಬಿಲ್‌ನಲ್ಲಿ ಕಂಡರೆ ಅಳಿಸುವವರೂ ಮುಂದೆ ಬರುತ್ತಾರೆ. ಇನ್ನೊಂದು ಮಾತು: ದಾಖಲೆಯನ್ನು ಮೆಷಿನ್‌ನ ಹೆಸರಿನ ಮೇಲೆ ಕಟ್ಟಬೇಡಿ, ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಇನ್‌ಸ್ಟೆನ್ಸ್ ಯುಯುಐಡಿಯನ್ನು (ವಿಸೆಂಟರ್ ಪ್ರತಿ ಮೆಷಿನ್‌ಗೆ ಕೊಡುವ ವಿಶಿಷ್ಟ ಗುರುತು ಸಂಖ್ಯೆ) ಕೀಲಿಯಾಗಿಟ್ಟುಕೊಂಡು, ಮೆಷಿನ್ ಸೃಷ್ಟಿಸುವಾಗಲೇ ವಿಭಾಗದ ಟ್ಯಾಗ್ (ಗುರುತು ಚೀಟಿ) ಕಡ್ಡಾಯ ಮಾಡಿ. ಮೊದಲ ಕೆಲವು ತಿಂಗಳು ಹಣ ವಸೂಲಿ ಮಾಡದೆ ವರದಿಯನ್ನಷ್ಟೇ ಕಳುಹಿಸಿದರೆ, ತಪ್ಪು ಟ್ಯಾಗ್‌ಗಳನ್ನು ವಿಭಾಗದವರೇ ಹುಡುಕಿ ತಿಳಿಸುತ್ತಾರೆ.