ಪದಚರ್ಚೆ: ‘ಪರವಾನಗಿ’ಯೋ ‘ಮಾನ್ಯತೆ’ಯೋ? ಮಗುವಿನ ‘ಹಿತಾಸಕ್ತಿ’ ಸರಿಯಾ?

ಪ್ರಶ್ನೆ, ಕೋಥ್ರೂಡ್, ಪುಣೆ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು, ದಯವಿಟ್ಟು ಬೇಗ ಹೇಳಿ. ಇಲ್ಲಿ ದತ್ತು ಕೊಡಿಸುವ ಒಂದು ಸಂಸ್ಥೆಗೆ ಕನ್ನಡದಲ್ಲಿ ಬೋರ್ಡು ಮತ್ತು ಒಂದು ಪುಟದ ಮಾಹಿತಿ ಪತ್ರ ಮಾಡಿಕೊಡುತ್ತಿದ್ದೇನೆ. ಹಿಂಜವಡಿ, ವಾಘೋಲಿ ಕಡೆ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರು ಬಹಳ ಇದ್ದಾರೆ. ಮರಾಠಿ ಮಾತಾಡುತ್ತಾರೆ, ಓದಲು ಬರುವುದಿಲ್ಲ.

ಮರಾಠಿ ಬೋರ್ಡಿನಲ್ಲಿ ‘ಮಾನ್ಯತಾಪ್ರಾಪ್ತ ವಿಶೇಷ ದತ್ತಕ ಸಂಸ್ಥಾ’ ಎಂದಿದೆ. ಕನ್ನಡದಲ್ಲಿ ‘ಪರವಾನಗಿ ಪಡೆದ ದತ್ತು ಏಜೆನ್ಸಿ’ ಎಂದು ಮೊದಲು ಬರೆದೆ. ಆಮೇಲೆ ಅನುಮಾನ ಬಂತು. ಏಜೆನ್ಸಿ ಅಂದರೆ ನಮ್ಮ ಜನಕ್ಕೆ ಏಜೆಂಟ್ ನೆನಪಾಗುತ್ತಾನೆ, ಅವನು ಕಮಿಷನ್ ತಿನ್ನುವವನು. ಪತ್ರದಲ್ಲಿ ಇನ್ನೆರಡು ಕಡೆ ಸಿಕ್ಕಿಬಿದ್ದಿದ್ದೇನೆ. ಒಂದು, ‘ಮಗುವಿನ ಸರ್ವೋತ್ತಮ ಹಿತಾಸಕ್ತಿ’. ಇನ್ನೊಂದು, ಸಂಸ್ಥೆಯ ಮೇಲೆ ದೂರು ಬಂದರೆ ಅದನ್ನು ಮುಚ್ಚಿಸುವ ಮೊದಲು ಸರ್ಕಾರ ಅನುಸರಿಸಬೇಕಾದ ನ್ಯಾಯದ ಕ್ರಮ. ನಿಘಂಟು ‘ನ್ಯಾಯೋಚಿತ ಕಾರ್ಯವಿಧಾನ’ ಅನ್ನುತ್ತದೆ. ಬಾಯಲ್ಲಿ ನಿಲ್ಲುತ್ತಿಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಮಗುವನ್ನು ದತ್ತಿಗೆ ಬಿಟ್ಟುಕೊಡುವ ತಾಯಿಗಾಗಿ ಹಿಂದೆ ಯಾರೋ ಮಾಡಿಕೊಟ್ಟ ಕನ್ನಡ ಪತ್ರದ ತಲೆಬರಹ ‘ಮಗುವಿನ ಶರಣಾಗತಿ ಪತ್ರ’ ಎಂದಿತ್ತು. ಯಾದಗಿರಿ ಕಡೆಯ ಒಬ್ಬಳು ತಾಯಿಗೆ ನಾನೇ ಅದನ್ನು ಓದಿ ಹೇಳಿದೆ. ಆಕೆ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, “ಪೊಲೀಸ್ರು ಬರ್ತಾರೇನ್ರಿ?” ಅಂದಳು. ಅವತ್ತಿನಿಂದ ನನಗೆ ಆ ಪತ್ರ ಕೈಯಲ್ಲಿ ಹಿಡಿಯಲು ಆಗುತ್ತಿಲ್ಲ.

ಉತ್ತರ, ಮಾಟುಂಗ, ಮುಂಬಯಿ:

ಮೊದಲು ‘ಪರವಾನಗಿ’ ತೆಗೆಯಿರಿ. ಫಾರಸಿ. ‘ಒಪ್ಪಿಗೆ ಪಡೆದ’ ಎನ್ನಿ, ಮುಗಿಯಿತು.

‘ದತ್ತು’ ಕೂಡ ಬೇಕಿಲ್ಲ. ಅದು ಸಂಸ್ಕೃತದ ದತ್ತ, ‘ಕೊಟ್ಟದ್ದು’. ಔರಸ, ದತ್ತಕ, ಕ್ರೀತ, ಅಪವಿದ್ಧ ಅಂತ ಧರ್ಮಶಾಸ್ತ್ರದವರು ಮಕ್ಕಳನ್ನು ವಿಂಗಡಿಸಿದ ಕಾಲದ ಪದ. ಕ್ರೀತ ಅಂದರೆ ಕೊಂಡ ಮಗ, ಅಪವಿದ್ಧ ಅಂದರೆ ಎಸೆದ ಮಗ. ಆ ಸಾಲಿನ ಪದವನ್ನು ಮಗುವಿನ ಹಣೆಗೆ ಯಾಕೆ ಅಂಟಿಸುತ್ತೀರಿ? ನಮ್ಮದೇ ‘ಸಾಕು’ ಇದೆ. ತುಳುವಿನಲ್ಲಿ ‘ಸಾಂಕು’ ಇದೆ. ಕೊಟ್ಟವರನ್ನು ಬಿಟ್ಟು ಬೆಳೆಸಿದವರನ್ನು ನೆನೆಯುವ ಪದ. ‘ಸಾಕುಮಕ್ಕಳ ಮನೆ’ ಎಂದು ಬೋರ್ಡು ಹಾಕಿ.

ಉತ್ತರ, ಡೊಂಬಿವಲಿ:

ಬೇಡ. ಬೋರ್ಡು ತಪ್ಪಾಗುತ್ತದೆ.

ಮೂವತ್ತು ವರ್ಷ ಕೋರ್ಟಿನಲ್ಲಿ ಕಾಗದ ನೋಡಿದವನ ಮಾತು ಇದು. ಮಗುವನ್ನು ಕೆಲಕಾಲ ಬೇರೆ ಮನೆಯಲ್ಲಿಟ್ಟು ಸಾಕಿಸುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಬೇರೆಯೇ ಏರ್ಪಾಡು, 44ನೇ ಕಲಂ. ದತ್ತು ಬೇರೆ. ದತ್ತಿನಲ್ಲಿ ಮಗು ಆ ಮನೆಯ ಸ್ವಂತ ಮಗುವೇ ಆಗುತ್ತದೆ, ವಾಪಸ್ಸಿಲ್ಲ. ಎರಡಕ್ಕೂ ‘ಸಾಕು’ ಅಂದರೆ, ನಾಲ್ಕು ವರ್ಷ ಬಿಟ್ಟು ಕೂಸನ್ನು ಕರೆದುಕೊಂಡು ಹೋಗಬಹುದು ಎಂದುಕೊಂಡು ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. ಅಚ್ಚಗನ್ನಡದ ಹಟಕ್ಕೆ ಅವಳು ಬೆಲೆ ತೆರಬೇಕಾ?

ಯಾದಗಿರಿ, ವಿಜಯಪುರದವರು ‘ದತ್ತಕ ಹೋದ’, ‘ದತ್ತಕ ತಗೊಂಡ್ರು’ ಅನ್ನುತ್ತಾರೆ. ಪದ ಅವರ ಬಾಯಲ್ಲೇ ಇದೆ. ಬಿಡಿ ಅದನ್ನು.

ಇನ್ನು ಪರವಾನಗಿ. ಅದು ಬೇಡ ಅನ್ನುವುದಕ್ಕೆ ಕಾರಣ ಫಾರಸಿ ಅಲ್ಲ. ಪರವಾನಗಿ ಅಂಗಡಿಗೆ, ಬಂದೂಕಿಗೆ. ಕಾಯ್ದೆಯಲ್ಲಿ ಇರುವುದು ಎರಡು ಬೇರೆ ಹೆಜ್ಜೆ. ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಗಾದರೂ 41ನೇ ಕಲಮಿನಡಿ ‘ನೋಂದಣಿ’. ದತ್ತು ಕೊಡಿಸಬೇಕಾದರೆ ಅದರ ಮೇಲೆ 65ನೇ ಕಲಮಿನಡಿ ರಾಜ್ಯ ಸರ್ಕಾರದ ‘ಮಾನ್ಯತೆ’. ನೋಂದಣಿ ಇದ್ದು ಮಾನ್ಯತೆ ಇಲ್ಲದ ಸಂಸ್ಥೆ ದತ್ತು ಕೊಡುವಂತಿಲ್ಲ. ಈ ಮಾತಿಗೆ ಇತಿಹಾಸವೂ ಇದೆ. ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿ ಎಂದು ತೆಗೆದುಕೊಂಡು, ವಿದೇಶಕ್ಕೆ ಹೋಗುವ ಮಕ್ಕಳ ವಿಷಯ ಮಾನ್ಯತೆ ಇರುವ ಸಂಸ್ಥೆಗಳ ಮೂಲಕವೇ ನಡೆಯಬೇಕು ಎಂದು 1984ರಲ್ಲಿ ಹೇಳಿತು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ಬಂದದ್ದು ಆಮೇಲೆ, 1990ರಲ್ಲಿ.

‘ಮಾನ್ಯ’ ಸಂಸ್ಕೃತ ಎಂದು ಮಾಟುಂಗದವರು ಹೇಳುವ ಮೊದಲೇ ಹೇಳುತ್ತೇನೆ: ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಮಾನ್ಯ ಮಾಡಲಿಲ್ಲ ಎಂದು ಓದಿ ಬೆಳೆದವರು ನಾವು. ಆ ಪದ ಯಾರಿಗೂ ಹೊಸದಲ್ಲ.

ಉತ್ತರ, ಮಡಗಾಂವ್, ಗೋವಾ:

‘ಹಿತಾಸಕ್ತಿ’ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅದೇ ಮುಖ್ಯ.

ಕನ್ನಡ ಪೇಪರಿನಲ್ಲಿ ಹಿತಾಸಕ್ತಿ ಯಾವುದರ ಪಕ್ಕ ಬರುತ್ತದೆ ನೋಡಿ. ಪಟ್ಟಭದ್ರ ಹಿತಾಸಕ್ತಿ. ನೂರಕ್ಕೆ ತೊಂಬತ್ತು ಸಲ ಕೆಟ್ಟವರ ಜೊತೆ. ‘ಸಾರ್ವಜನಿಕ ಹಿತಾಸಕ್ತಿ ಅರ್ಜಿ’ ಒಂದೇ ಅದಕ್ಕೆ ಮರ್ಯಾದೆ ತಂದದ್ದು. ಅದಕ್ಕೂ ಮರಾಠಿಯವರು ‘ಜನಹಿತ ಯಾಚಿಕಾ’ ಅನ್ನುತ್ತಾರೆ, ಬರೀ ಹಿತ. ಇಂಗ್ಲಿಷಿನ ‘ಇಂಟರೆಸ್ಟ್’ ಎಂಬ ಒಂದು ಪದಕ್ಕೆ ‘ಲಾಭ’, ‘ಒಲವು’ ಎರಡೂ ಅರ್ಥ ಇದ್ದದ್ದಕ್ಕೆ ನಾವು ಹಿತ, ಆಸಕ್ತಿ ಎರಡನ್ನೂ ಹೊಲಿದು ಒಂದು ಮಾಡಿದೆವು. ಹತ್ತು ದಿನದ ಕೂಸಿಗೆ ಯಾವ ಆಸಕ್ತಿ? ಅದಕ್ಕೆ ಬೇಕಾದ್ದು ಹಿತ. ‘ಮಗುವಿಗೆ ಯಾವುದು ಒಳ್ಳೆಯದೋ ಅದೇ ಮೊದಲು’ ಎಂದು ಬಿಡಿಸಿ ಬರೆಯಿರಿ.

ಇನ್ನೊಂದು ಎಚ್ಚರಿಕೆ. ಮರಾಠಿ ಪತ್ರದಲ್ಲಿ ‘ಅಹವಾಲ’ ಬಂದರೆ ಅದು ವರದಿ. ದತ್ತು ಪಡೆಯುವವರ ಮನೆ ನೋಡಿ ಬಂದು ಸಮಾಜ ಕಾರ್ಯಕರ್ತರು ಬರೆಯುವುದು ಅಹವಾಲ. ಕನ್ನಡದಲ್ಲಿ ಅಹವಾಲು ಅಂದರೆ ದೂರು, ಮೊರೆ. ಹಾಗೇ ಇಳಿಸಿದರೆ ಆ ಮನೆಯವರ ಮೇಲೆ ಯಾರೋ ದೂರು ಕೊಟ್ಟಂತಾಗುತ್ತದೆ.

ಆದರೆ ನಿಮ್ಮ ಮೂರನೇ ಪ್ರಶ್ನೆಗೆ ಇದೇ ಅಹವಾಲು ಬೇಕು. ‘ಅಹವಾಲು ಕೇಳದೆ ಮಾನ್ಯತೆ ರದ್ದು ಮಾಡುವಂತಿಲ್ಲ.’ ಇಷ್ಟೇ ಸಾಕು. ಇದಕ್ಕೆ ಕಾನೂನಿನವರು ಹೇಳುವ ‘ನೈಸರ್ಗಿಕ ನ್ಯಾಯ’ ಮಾತ್ರ ಹಾಕಬೇಡಿ, ನೆರೆ, ಬರ, ನೈಸರ್ಗಿಕ ವಿಕೋಪ ನೆನಪಾಗುತ್ತದೆ. ‘ಸಹಜ ನ್ಯಾಯ’ ಪರವಾಗಿಲ್ಲ.

ಉತ್ತರ, ಮಾಟುಂಗ:

ಅಹವಾಲು ಅರಬ್ಬಿ. ಪರವಾನಗಿ ಹೋಯಿತು, ಅಹವಾಲು ಬಂತು. ಹೀಗೇ ಒಂದೊಂದಾಗಿ ಬಿಟ್ಟುಕೊಡುತ್ತಾ ಬಂದು ಮುಂಬಯಿಯ ಎಷ್ಟೋ ಮನೆಗಳಲ್ಲಿ ಕನ್ನಡ ಅಡುಗೆಮನೆಗೆ ಮಾತ್ರ ಉಳಿದಿದೆ. ನನ್ನ ಮೊಮ್ಮಕ್ಕಳಿಗೆ ‘ಒಪ್ಪಿಗೆ’ ಗೊತ್ತಿಲ್ಲ, ಪರ್ಮಿಶನ್ ಗೊತ್ತು. ಆ ಸಂಕಟದಿಂದ ಹೇಳುತ್ತಿದ್ದೇನೆ, ಹಟದಿಂದ ಅಲ್ಲ.

ಉತ್ತರ, ಡೊಂಬಿವಲಿ:

ರಾಯರೇ, ಸಂಕಟ ಅರ್ಥವಾಗುತ್ತದೆ. ಆದರೆ ಅರ್ಜಿ, ಕಚೇರಿ, ವಕೀಲ, ಜಿಲ್ಲೆ, ಸರ್ಕಾರ, ಇವನ್ನೆಲ್ಲ ತೆಗೆದರೆ ಆ ಹೆಣ್ಣುಮಗಳು ಯಾರ ಹತ್ತಿರ ಹೋಗಿ ಏನು ಕೇಳಬೇಕು? ಇನ್ನೂರು ವರ್ಷ ರೈತ ಬಳಸಿದ ಪದ ಕನ್ನಡವೇ.

ಕೆಲಸದ ಮಾತಿಗೆ ಬರೋಣ. ಮಗುವಿನ ಹಿತ, ವಾದ ಹೇಳುವ ಹಕ್ಕು, ಎರಡೂ ಇದೇ ಕಾಯ್ದೆಯ 3ನೇ ಕಲಮಿನಲ್ಲಿ, ತತ್ವಗಳ ಒಂದೇ ಪಟ್ಟಿಯಲ್ಲಿವೆ. ಅಹವಾಲು ಕೇಳುವುದು ಸಂಸ್ಥೆ ನಡೆಸುವವರಿಗೆ ಮಾಡುವ ಉಪಕಾರ ಅಲ್ಲ. ಸುಳ್ಳು ದೂರಿಗೆ ಒಳ್ಳೆಯ ಸಂಸ್ಥೆ ಮುಚ್ಚಿದರೆ ತೊಟ್ಟಿಲಲ್ಲಿದ್ದ ಮಕ್ಕಳು ಊರೂರು ಹಂಚಿಹೋಗುತ್ತಾರೆ. ನಿಜವಾದ ದೂರಿದ್ದೂ ಸುಮ್ನೆ ಬಿಟ್ಟರೆ ಅದೇ ಮಕ್ಕಳು ಹಾಳಾಗುತ್ತಾರೆ. ಅದಕ್ಕೇ ನೋಂದಣಿ ರದ್ದಾದರೆ ಮತ್ತೆ ನೋಂದಣಿ ಸಿಗುವವರೆಗೆ ಸರ್ಕಾರವೇ ಸಂಸ್ಥೆ ನಡೆಸಬೇಕು ಎಂದು 41ನೇ ಕಲಮಿನಲ್ಲೇ ಬರೆದಿದ್ದಾರೆ. ಇದನ್ನು ಪತ್ರದಲ್ಲಿ ಸೇರಿಸಿ.

ಮತ್ತೆ ‘ಶರಣಾಗತಿ’ ಹರಿದು ಹಾಕಿ. ‘ಒಪ್ಪಿಸುವುದು’ ಎನ್ನಿ. ಒಪ್ಪಿಸುವುದು ಯಾರಿಗೆ ಅನ್ನುವುದನ್ನೂ ಬರೆಯಿರಿ, ಮಕ್ಕಳ ಕಲ್ಯಾಣ ಸಮಿತಿಗೆ. ಆಸ್ಪತ್ರೆಯ ಆಯಾಗೆ ಅಲ್ಲ, ಕೂಲಿಯಾಳು ತರುವ ಮುಕಾದಮನಿಗೆ ಅಲ್ಲ. ಅನಾಥ, ಬಿಟ್ಟುಹೋದ ಅಥವಾ ಒಪ್ಪಿಸಿದ ಮಗುವನ್ನು ಕಾಯ್ದೆ ತಪ್ಪಿಸಿ ದತ್ತು ಕೊಟ್ಟರೆ 80ನೇ ಕಲಮಿನಡಿ 3 ವರ್ಷದವರೆಗೆ ಜೈಲು ಇದೆ.

ಕೋಥ್ರೂಡ್, ಪುಣೆ:

ಎಲ್ಲರಿಗೂ ಕೈಮುಗಿದೆ. ಬೋರ್ಡು ಹೀಗೆ ಹೋಗುತ್ತಿದೆ: ‘ಸರ್ಕಾರದ ಮಾನ್ಯತೆ ಪಡೆದ ವಿಶೇಷ ದತ್ತು ಸಂಸ್ಥೆ’. ಕರ್ನಾಟಕದಲ್ಲಿ ‘ವಿಶೇಷ ದತ್ತು ಸ್ವೀಕಾರ ಕೇಂದ್ರ’ ಅನ್ನುತ್ತಾರೆ, ಆದರೆ ಪಕ್ಕದ ಮರಾಠಿ ಬೋರ್ಡಿಗೆ ಹೊಂದಲಿ ಅಂತ ಸಂಸ್ಥೆ ಎಂದೇ ಉಳಿಸಿದೆ.

ಪತ್ರದಲ್ಲಿ ಮಡಗಾಂವ್ ಮೇಡಂ ಹೇಳಿದ ಎರಡೂ ವಾಕ್ಯ ಹಾಗೇ ಬಂದಿವೆ. ರಾಯರೇ, ‘ಒಪ್ಪಿಗೆ’ಯೂ ಬಂದಿದೆ, ತಾಯಿ ಸಹಿ ಮಾಡುವ ಜಾಗದಲ್ಲಿ. ಅಲ್ಲಿ ಅದಕ್ಕಿಂತ ಒಳ್ಳೆಯ ಪದ ಇಲ್ಲ.

ಮೇಲುಗಡೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಹಾಕಿದ್ದೇನೆ: ‘ಕೂಸನ್ನು ಒಪ್ಪಿಸಿದ ಮೇಲೆ ಮನಸ್ಸು ಬದಲಾದರೆ 60 ದಿನದೊಳಗೆ ಬಂದು ಹೇಳಿ.’ ಮಗು ಅಂತ ಬರೆದಿದ್ದನ್ನು ಕೂಸು ಅಂತ ತಿದ್ದಿದೆ. ಪ್ರೂಫ್ ಹನ್ನೊಂದಕ್ಕೆ ಬರುತ್ತದೆ. ಅಕ್ಷರ ತಪ್ಪು ಕಂಡರೆ ಅಷ್ಟರೊಳಗೆ ಹೇಳಿ.